ಬೆಟ್ಟ ಯಾಕೆ ಅಲ್ಲೇ ನಿಂತಿದೆ?

ಮುಳ್ಳಯ್ಯನಗಿರಿಗೆ ಹೋದವರಲ್ಲಿ ಅರ್ಧ ಜನ ನೋಡಿ ಬರುವುದು ಮಂಜನ್ನು. ನಮಗೂ ಅದೇ ಆಯಿತು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಬೆಳಗಿನ ಜಾವ ಚಿಕ್ಕಮಗಳೂರಲ್ಲಿ ಕಾಫಿ ಕುಡಿದು, ಮೆಟ್ಟಿಲು ಹತ್ತಿ ಮೇಲೆ ನಿಂತರೆ ನಮ್ಮ ಶೂ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಕರ್ನಾಟಕದ ಅತಿ ಎತ್ತರದ ಜಾಗದಲ್ಲಿ ನಿಂತು ಹತ್ತು ಅಡಿ ದೂರ ನೋಡಿ ವಾಪಸ್ ಬಂದೆವು.

ಬರುವಾಗ ದಾರಿಯಲ್ಲಿ ಗೆಳೆಯ ಒಂದು ಜಾಗ ತೋರಿಸಿದ. 20 ಗುಂಟೆ. ಹಿಂದೆ ಗುಡ್ಡ, ಮುಂದೆ ಕಣಿವೆ, ಪಕ್ಕದಲ್ಲಿ ಕಾಫಿ ತೋಟ. ಹೋಂಸ್ಟೇ ಮಾಡುವ ಯೋಚನೆ ಅವನದು. ಬ್ರೋಕರ್‌ಗೆ ಎರಡು ಲಕ್ಷ ಅಡ್ವಾನ್ಸ್ ಕೂಡ ಕೊಟ್ಟಾಗಿತ್ತು. "ಹೆಂಗಿದೆ ವ್ಯೂ?" ಅಂದ. ಚೆನ್ನಾಗಿತ್ತು, ಚೆನ್ನಾಗಿದೆ ಅಂದೆ.

ಆ ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ. ಮಂಜಲ್ಲಿ ಕಾಣದ ಬೆಟ್ಟವನ್ನು ಸ್ಕ್ರೀನ್ ಮೇಲಾದರೂ ನೋಡೋಣ ಎಂಬ ಹಟ, ಅಷ್ಟೇ. ನನ್ನ ಆಫೀಸ್ ಕೆಲಸಕ್ಕೂ ಭೂವಿಜ್ಞಾನಕ್ಕೂ ಸಂಬಂಧವಿಲ್ಲ. ಆದರೆ ಆ ರಾತ್ರಿ ಶುರುವಾದದ್ದು ಎರಡು ವರ್ಷದಿಂದ ಬಿಟ್ಟಿಲ್ಲ. ನನ್ನನ್ನು ಹಿಡಿದಿಟ್ಟ ಪ್ರಶ್ನೆ ಒಂದೇ: ಬೆಟ್ಟ ಯಾಕೆ ಅಲ್ಲೇ ಇದೆ? ಹತ್ತು ಕಿಲೋಮೀಟರ್ ಆಚೆ ಯಾಕಿಲ್ಲ?

ಎತ್ತರದ ಎಕ್ಸೆಲ್ ಶೀಟು

ಡಿಜಿಟಲ್ ಎಲಿವೇಶನ್ ಮಾಡೆಲ್, ಬಳಸುವವರ ಬಾಯಲ್ಲಿ 'ಡೆಮ್', ಹೆಸರಿನಷ್ಟು ಭಯಂಕರ ವಸ್ತುವಲ್ಲ. ಒಂದು ದೊಡ್ಡ ಎಕ್ಸೆಲ್ ಶೀಟು ಅಂದುಕೊಳ್ಳಿ. ನೆಲವನ್ನು ಚೌಕ ಚೌಕವಾಗಿ ಹೆಚ್ಚಿ, ಒಂದೊಂದು ಚೌಕಕ್ಕೆ ಒಂದೊಂದು ಸಂಖ್ಯೆ ಬರೆದಿಡುವುದು. ಆ ಸಂಖ್ಯೆ ಅಂದರೆ ಸಮುದ್ರ ಮಟ್ಟದಿಂದ ಆ ಜಾಗದ ಎತ್ತರ. ಅದರಲ್ಲಿ ಬಣ್ಣ ಇಲ್ಲ, ಮರ ಇಲ್ಲ, ರಸ್ತೆ ಇಲ್ಲ, ಊರಿನ ಹೆಸರೂ ಇಲ್ಲ. ಬರೀ ಎತ್ತರ.

ಈ ಸಂಖ್ಯೆಗಳು ಬಂದದ್ದು ಹೇಗೆ ಅನ್ನುವುದೇ ಒಂದು ಕಥೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿತು. ಅದರಲ್ಲಿ ಒಂದು ರೇಡಾರ್ ಆಂಟೆನಾ ಇತ್ತು, 60 ಮೀಟರ್ ಉದ್ದದ ಕೋಲಿನ ತುದಿಯಲ್ಲಿ ಇನ್ನೊಂದು. ನಮ್ಮ ಎರಡು ಕಣ್ಣು ಸ್ವಲ್ಪ ದೂರ ಇರುವುದರಿಂದಲೇ ನಮಗೆ ಆಳ ಗೊತ್ತಾಗುವುದಲ್ಲವೇ, ಹಾಗೆಯೇ ಎರಡು ಆಂಟೆನಾಗಳಿಗೆ ವಾಪಸ್ ಬಂದ ಅಲೆಗಳ ಸೂಕ್ಷ್ಮ ವ್ಯತ್ಯಾಸದಿಂದ ನೆಲದ ಎತ್ತರ ಲೆಕ್ಕ ಹಾಕಿದರು. ಉತ್ತರದಲ್ಲಿ 60 ಡಿಗ್ರಿ ಅಕ್ಷಾಂಶದಿಂದ ದಕ್ಷಿಣದಲ್ಲಿ 56 ಡಿಗ್ರಿಯವರೆಗೆ, ಅಂದರೆ ಭೂಮಿಯ ಒಣನೆಲದ ಸುಮಾರು ಶೇ. 80 ಭಾಗ ಒಂದೇ ಯಾತ್ರೆಯಲ್ಲಿ ಮುಗಿಯಿತು. ಎಸ್‌ಆರ್‌ಟಿಎಂ ಎಂಬ ಹೆಸರಿನ ಈ ಡೇಟಾ ನಮ್ಮ ಭಾಗಕ್ಕೆ ಮೊದಲು 90 ಮೀಟರ್ ಚೌಕಗಳಲ್ಲಿ ಸಿಗುತ್ತಿತ್ತು. 2014ರ ನಂತರ 30 ಮೀಟರ್ ಚೌಕಗಳ ಡೇಟಾವನ್ನೂ ಎಲ್ಲರಿಗೂ ಬಿಟ್ಟರು. ಯುರೋಪಿನ ಕೋಪರ್ನಿಕಸ್ ಡೆಮ್ ಆಮೇಲಿನದು. ಅದರ ಅಳತೆ ನಡೆದದ್ದು ಸುಮಾರು 2011ರಿಂದ 2015ರ ನಡುವೆ. ನಮ್ಮ ಇಸ್ರೋದವರ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಮಾಡಿದ ಕಾರ್ಟೋಡೆಮ್ ಕೂಡ ಇದೆ, ಭುವನ್ ಪೋರ್ಟಲ್‌ನಲ್ಲಿ ಸಿಗುತ್ತದೆ.

30 ಮೀಟರ್ ಚೌಕ ಅಂದರೆ ಎಷ್ಟು? 900 ಚದರ ಮೀಟರ್. ಬೆಂಗಳೂರಿನ ಲೆಕ್ಕದಲ್ಲಿ 30-40ರ ಎಂಟು ಸೈಟು. ಎಂಟು ಸೈಟಿಗೆ ಸೇರಿ ಒಂದೇ ಸಂಖ್ಯೆ. ಹಾಗಾಗಿಯೇ ಡೆಮ್‌ನಲ್ಲಿ ಮೊನಚು ಶಿಖರಗಳು ನಿಜಕ್ಕಿಂತ ಸ್ವಲ್ಪ ಗಿಡ್ಡ; ತುದಿಯ ಎತ್ತರ ಸುತ್ತಲಿನ ಇಳಿಜಾರಿನ ಜೊತೆ ಸರಾಸರಿಯಾಗಿ ಕರಗಿಹೋಗುತ್ತದೆ. ಈ ಎಂಟು ಸೈಟಿನ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಳಕು ತಿರುಗಿಸಿದಾಗ ಕಂಡ ಲಾಳ

ಬರೀ ಸಂಖ್ಯೆ ನೋಡಿ ಏನೂ ತಿಳಿಯುವುದಿಲ್ಲ. ಅದಕ್ಕೆ ಮೊದಲು ಮಾಡುವ ಕೆಲಸ ಹಿಲ್‌ಶೇಡ್. ಆಕಾಶದ ಒಂದು ಮೂಲೆಯಲ್ಲಿ ಸೂರ್ಯನಿದ್ದಾನೆ ಅಂತ ಸಾಫ್ಟ್‌ವೇರ್‌ಗೆ ಹೇಳಿದರೆ, ಯಾವ ಇಳಿಜಾರಿಗೆ ಬೆಳಕು, ಯಾವುದಕ್ಕೆ ನೆರಳು ಅಂತ ಅದೇ ಬರೆಯುತ್ತದೆ. ಸಪಾಟು ಶೀಟು ಇದ್ದಕ್ಕಿದ್ದಂತೆ ಉಬ್ಬುತಗ್ಗಿನ ನೆಲವಾಗುತ್ತದೆ.

ಸಾಮಾನ್ಯವಾಗಿ ಸಾಫ್ಟ್‌ವೇರ್ ಸೂರ್ಯನನ್ನು ವಾಯವ್ಯ ದಿಕ್ಕಲ್ಲಿ ಇಟ್ಟಿರುತ್ತದೆ. ಇಲ್ಲಿ ನಾನು ಮೊದಲ ಸಲ ಮೋಸಹೋದೆ. ಕರ್ನಾಟಕದ ಹಳೆಯ ಶಿಲೆಗಳ ಸಾಲುಗಳು ಬಹುಪಾಲು ಉತ್ತರದಿಂದ ದಕ್ಷಿಣಕ್ಕೆ, ಸ್ವಲ್ಪ ವಾಯವ್ಯ-ಆಗ್ನೇಯವಾಗಿ ವಾಲಿಕೊಂಡು ಹೋಗುತ್ತವೆ. ಬೆಳಕೂ ಅದೇ ದಿಕ್ಕಿನಿಂದ ಬಿದ್ದರೆ ಸಾಲಿನ ಎರಡೂ ಪಕ್ಕಕ್ಕೆ ಒಂದೇ ಥರ ಬೆಳಕು, ಸಾಲೇ ಮಾಯ. ಸೂರ್ಯನನ್ನು ಈಶಾನ್ಯಕ್ಕೆ ಎಳೆದು ಕೂರಿಸಿದೆ. ಅಡಗಿದ್ದ ಏಣುಗಳೆಲ್ಲ ಎದ್ದು ನಿಂತವು.

ಅವುಗಳ ನಡುವೆ ಬಾಬಾಬುಡನ್‌ಗಿರಿ ಸಾಲು ಕಂಡಿತು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಕಲ್ಲತ್ತಗಿರಿ ಅಂತ ನಾವು ಬೇರೆ ಬೇರೆ ಟ್ರಿಪ್‌ಗಳಲ್ಲಿ ನೋಡುವ ಜಾಗಗಳೆಲ್ಲ ಒಂದೇ ಬಾಗಿದ ಗೋಡೆಯ ಮೇಲಿವೆ. ಭದ್ರೆಯ ಕಡೆಗೆ ಬಾಯಿ ತೆರೆದ ಕುದುರೆ ಲಾಳ. ಒಳಗೆ ಜಾಗರ ಕಣಿವೆ. ಆ ಬೆಳಗ್ಗೆ ನಾವು ಮಂಜಲ್ಲಿ ನಿಂತಿದ್ದು ಲಾಳದ ಅಂಚಿನ ಮೇಲೆ.

ಆಗ ಭೂವೈಜ್ಞಾನಿಕ ನಕ್ಷೆಯನ್ನು ಡೆಮ್ ಮೇಲೆ ಹಾಸಿ, ಅರ್ಧ ಪಾರದರ್ಶಕ ಮಾಡಿದೆ. ಯಾವ ಜಾಗದಲ್ಲಿ ಯಾವ ಕಲ್ಲು ಅಂತ ಬಣ್ಣದಲ್ಲಿ ತೋರಿಸುವ ನಕ್ಷೆ ಅದು. ಕಬ್ಬಿಣದ ಪಟ್ಟೆಶಿಲೆಯ ಬಣ್ಣ ಬೆಟ್ಟದ ಅಂಚನ್ನೇ ಹಿಡಿದು ಸಾಗಿತ್ತು. ಕಲ್ಲಿನ ಪದರ ಬಾಗಿದಲ್ಲಿ ಬೆಟ್ಟವೂ ಬಾಗಿದೆ. ಭೂವಿಜ್ಞಾನಿಗಳು ಆ ಪಟ್ಟೆಶಿಲೆಯ ಪದರಕ್ಕೆ ಇಟ್ಟಿರುವ ಹೆಸರೇ ಮುಳೈನ್‌ಗಿರಿ ಫಾರ್ಮೇಶನ್, ನಮ್ಮ ಮುಳ್ಳಯ್ಯನಗಿರಿಯದೇ ಹೆಸರು.

ಈ ಕಲ್ಲು ಹತ್ತಿರದಿಂದ ನೋಡಿದರೆ ಪಟ್ಟೆ ಸೀರೆಯ ಹಾಗೆ: ಒಂದು ಪಟ್ಟೆ ಸಿಲಿಕಾ, ಒಂದು ಪಟ್ಟೆ ಕಬ್ಬಿಣದ ಆಕ್ಸೈಡ್. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತದ್ದು, ಆಮೇಲೆ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡದ್ದು. ಸುತ್ತಲಿನ ಬಯಲಲ್ಲಿರುವುದು ಬಹುಪಾಲು ನೈಸ್ ಎಂಬ ಕಲ್ಲು. ಅದರಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಜಾಸ್ತಿ. ಮಳೆನೀರು ಕೋಟ್ಯಂತರ ವರ್ಷ ತಾಗಿದರೆ ಫೆಲ್ಡ್‌ಸ್ಪಾರ್ ಜೇಡಿಮಣ್ಣಾಗುತ್ತದೆ, ಹೊಳೆ ಅದನ್ನು ಹೊತ್ತುಕೊಂಡು ಹೋಗುತ್ತದೆ. ಸಿಲಿಕಾ, ಕಬ್ಬಿಣದ ಆಕ್ಸೈಡ್ ಎರಡೂ ಹಾಗೆ ಸುಲಭಕ್ಕೆ ಬಗ್ಗುವಂಥವಲ್ಲ. ಹಾಗಾಗಿ ನೈಸ್ ತಗ್ಗಿತು, ಪಟ್ಟೆಶಿಲೆ ಉಳಿಯಿತು.

ನನ್ನ ತಲೆಯಲ್ಲಿದ್ದ ಚಿತ್ರ ತಿರುಗಿದ್ದು ಇಲ್ಲೇ. ಬೆಟ್ಟ ಅಂದರೆ ಮೇಲೆದ್ದದ್ದು ಅಂತ ನಾವು ಶಾಲೆಯಿಂದ ಅಂದುಕೊಂಡಿದ್ದೇವೆ. ಹಿಮಾಲಯಕ್ಕೆ ಆ ಮಾತು ಸರಿ, ಅದು ಈಗಲೂ ಏಳುತ್ತಿದೆ. ನಮ್ಮ ಕಡೆಯ ಬಹಳಷ್ಟು ಬೆಟ್ಟಗಳು ಸುತ್ತಲಿನದೆಲ್ಲ ಸವೆದು ಹೋದ ಮೇಲೆ ಉಳಿದುಕೊಂಡವು.

ಘಟ್ಟ ಬೆಟ್ಟವಲ್ಲ, ಅಂಚು

ಡೆಮ್‌ನಲ್ಲಿ ಮಾಡಬಹುದಾದ ಎರಡನೇ ಕೆಲಸ ಇನ್ನೂ ಸುಲಭ: ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ, ಆ ಗೆರೆಯುದ್ದಕ್ಕೂ ನೆಲ ಹೇಗೆ ಏರಿ ಇಳಿಯುತ್ತದೆ ಅಂತ ಗ್ರಾಫ್ ಬರುತ್ತದೆ. ಉಡುಪಿಯ ಕಡಲಿನಿಂದ ಹೆಬ್ರಿ, ಆಗುಂಬೆ ಮೇಲೆ ತೀರ್ಥಹಳ್ಳಿಯ ತನಕ ಒಂದು ಗೆರೆ ಎಳೆದೆ. ಕಡಲಿಂದ ಘಟ್ಟದ ಬುಡದ ತನಕ ಗ್ರಾಫ್ ತಗ್ಗಿನಲ್ಲೇ ತೆವಳಿತು. ಆಮೇಲೆ ಕೆಲವೇ ಕಿಲೋಮೀಟರಲ್ಲಿ ಗೋಡೆ ಹತ್ತಿದ ಹಾಗೆ 600 ಮೀಟರ್ ದಾಟಿತು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಇರುವುದು ಈ ಗೋಡೆಯ ಮೇಲೆ. ಅದಾದ ಮೇಲೆ ಆಚೆ ಕಡೆ ಇಳಿಯಬೇಕಲ್ಲ? ಇಳಿಯಲೇ ಇಲ್ಲ. ಸಣ್ಣ ಏರಿಳಿತ ಬಿಟ್ಟರೆ ಗ್ರಾಫ್ ಅದೇ ಎತ್ತರದ ಆಸುಪಾಸಲ್ಲಿ ಮುಂದೆ ಹೋಯಿತು.

ಬೆಟ್ಟಕ್ಕೆ ಎರಡು ಪಕ್ಕ ಇರಬೇಕು. ಇಲ್ಲಿರುವುದು ಒಂದೇ. ಅಂದರೆ ಈ ಭಾಗದ ಪಶ್ಚಿಮ ಘಟ್ಟ ಪ್ರಸ್ಥಭೂಮಿಯ ಕಡಿದಾದ ಅಂಚು, ಜಗಲಿಯ ಕಟ್ಟೆ ಇದ್ದ ಹಾಗೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಆಗುಂಬೆ ಅದಕ್ಕಿಂತ ಕೆಳಗೆ! ವೀಕೆಂಡಲ್ಲಿ "ಘಾಟಿ ಹತ್ತೋಣ" ಅಂತ ಹೊರಡುವ ನಾವು ನಿಜಕ್ಕೂ ಇಳಿಯಲು ಹೊರಟಿರುತ್ತೇವೆ. ಘಾಟಿ ಹತ್ತುವವರು ಕರಾವಳಿಯವರು.

ಈ ಅಂಚು ಹುಟ್ಟಿದ್ದಕ್ಕೂ ಒಂದು ದೊಡ್ಡ ಅಗಲಿಕೆಗೂ ಸಂಬಂಧ ಇದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು, ಆಮೇಲೆ ಸೀಳಿ ದೂರವಾಯಿತು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬದ ಕಲ್ಲುಗಳು ಆ ಸೀಳುವಿಕೆಯ ಕಾಲದ ಲಾವಾ ತಣಿದು ಆದದ್ದು. ಖಂಡ ಸೀಳಿದ ಮೇಲೆ ಪಶ್ಚಿಮಕ್ಕೆ ಹರಿಯುವ ನೀರಿಗೆ ಸಮುದ್ರ ಹತ್ತಿರ, ಇಳಿಜಾರು ಜೋರು, ಮಳೆಯೂ ಜೋರು. ಅಂಚನ್ನು ಅವು ಕೊರೆಯುತ್ತಾ ಬಂದವು. ಪೂರ್ವಕ್ಕೆ ಹೊರಟ ತುಂಗೆಗೆ ಅಂಥ ಅವಸರವಿಲ್ಲ. ಅದು ತುಂಗಭದ್ರೆಯಾಗಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಯ ತನಕ ಹೋಗಬೇಕು.

ಅಂಚು ಎಲ್ಲ ಕಡೆ ಒಂದೇ ಥರ ಕೊರೆದಿಲ್ಲ. ಕುದುರೆಮುಖದ ಹತ್ತಿರ ಅದು ಎತ್ತರದ ಗೋಡೆ. ಅಲ್ಲೂ ಕಬ್ಬಿಣದ ಪಟ್ಟೆಶಿಲೆ ಇದೆ. ಉತ್ತರ ಕನ್ನಡಕ್ಕೆ ಬಂದರೆ ಹಿಲ್‌ಶೇಡ್‌ನಲ್ಲಿ ಗೋಡೆ ಹರಿದು ಹೋದ ಹಾಗಿದೆ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ನಾಲ್ಕೂ ಅಂಚಿನೊಳಗೆ ಆಳವಾಗಿ ನುಗ್ಗಿವೆ. ಶರಾವತಿಯ ಉದ್ದಕ್ಕೂ ಗೆರೆ ಎಳೆದು ನೋಡಿ: ಮೇಲೆ ಸಮನಾಗಿ ಹರಿದು, ಜೋಗದಲ್ಲಿ ಒಮ್ಮೆಗೇ 253 ಮೀಟರ್ ಬಿದ್ದು, ಗೇರುಸೊಪ್ಪೆ ದಾಟಿದ ಮೇಲೆ ಸಮುದ್ರದ ತನಕ ಮತ್ತೆ ಸಮ. ಬೇಡ್ತಿಗೆ ಮಾಗೋಡು, ಅಘನಾಶಿನಿಗೆ ಉಂಚಳ್ಳಿ. ನಾವು ಬೇರೆ ಬೇರೆ ಜಲಪಾತ ಅಂತ ನೋಡಿ ಬರುವ ಮೂರೂ ಕಡೆ ನಡೆದಿರುವುದು ಒಂದೇ ಕೆಲಸ: ನದಿ ಕೆಳಗಿನಿಂದ ಕೊರೆಯುತ್ತಾ ಬಂದು ಸದ್ಯಕ್ಕೆ ತಲುಪಿರುವ ಜಾಗ ಅದು. ಒಂದು ಮಾತು: ಡೆಮ್‌ನಲ್ಲಿ ಲಿಂಗನಮಕ್ಕಿ ಹತ್ತಿರ ಗ್ರಾಫ್ ಸ್ಕೇಲಿಟ್ಟು ಎಳೆದ ಹಾಗೆ ಸಪಾಟಾಗುತ್ತದೆ. ಅದು ನೆಲವಲ್ಲ, 1964ರ ಅಣೆಕಟ್ಟೆಯ ಹಿಂದಿನ ನೀರು. ಮುಳುಗಿದ ಊರುಗಳ ಎತ್ತರ ಆ ಶೀಟಿನಲ್ಲಿ ಇಲ್ಲ.

ಕಲ್ಲಿಗೊಂದು ಆಕಾರ

ಆಮೇಲೆ ನನಗೆ ಒಂದು ಆಟ ಅಭ್ಯಾಸವಾಯಿತು. ಊರಿನ ಹೆಸರು ಮುಚ್ಚಿ, ಬರೀ ಹಿಲ್‌ಶೇಡ್ ನೋಡಿ ಕಲ್ಲು ಯಾವುದು ಅಂತ ಊಹಿಸುವುದು.

ಬೆಳಗಾವಿಯಿಂದ ಉತ್ತರಕ್ಕೆ, ಮಹಾರಾಷ್ಟ್ರದ ಕಡೆ ಹೋದರೆ ಬೆಟ್ಟಗಳ ತಲೆ ಸಪಾಟು, ಪಕ್ಕಗಳಲ್ಲಿ ಮೆಟ್ಟಿಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಪದರದ ಮೇಲೆ ಪದರವಾಗಿ ಹರಿದ ಲಾವಾದಿಂದಾದ ಬಸಾಲ್ಟ್ ಅದು. ಒಂದು ಪದರದ ಗಟ್ಟಿ ಭಾಗ ಕಡಿದಾಗಿ ನಿಲ್ಲುತ್ತದೆ, ಎರಡು ಪದರಗಳ ನಡುವಿನ ಮೆತ್ತನೆ ಭಾಗ ಸವೆದು ಮೆಟ್ಟಿಲಿನ ಹಾಸಾಗುತ್ತದೆ. ಈ ಶಿಲೆಗಳಿಗೆ ಡೆಕ್ಕನ್ ಟ್ರ್ಯಾಪ್ ಅನ್ನುತ್ತಾರಲ್ಲ, ಆ 'ಟ್ರ್ಯಾಪ್' ಸ್ವೀಡಿಶ್ ಭಾಷೆಯ ಮೆಟ್ಟಿಲು ಎಂಬ ಪದದಿಂದ ಬಂದದ್ದು. ಡೆಮ್‌ನಿಂದ ಇಳಿಜಾರಿನ ನಕ್ಷೆ ಮಾಡಿದರೆ ಈ ಮೆಟ್ಟಿಲುಗಳು ಬೆಟ್ಟಕ್ಕೆ ಸುತ್ತಿದ ದಾರದ ಹಾಗೆ ಕಾಣುತ್ತವೆ.

ರಾಮನಗರದ ಕಡೆ ಬಂದರೆ ಸಾಲೂ ಇಲ್ಲ, ಮೆಟ್ಟಿಲೂ ಇಲ್ಲ. ಅಲ್ಲಲ್ಲಿ ಚೆಲ್ಲಿದ ಬೋಂಡಾದ ಹಾಗೆ ಗುಂಡು ಗುಂಡು ಗುಡ್ಡ. ಇದು ಕ್ಲೋಸ್‌ಪೇಟೆ ಗ್ರಾನೈಟ್; ರಾಮನಗರದ ಹಳೆಯ ಹೆಸರೇ ಕಲ್ಲಿಗೂ ಬಂದಿದೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲು ಉತ್ತರ-ದಕ್ಷಿಣವಾಗಿ ಕಿರಿದಾದ ಪಟ್ಟಿಯಾಗಿ ಸುಮಾರು 400 ಕಿ.ಮೀ ಉದ್ದಕ್ಕೆ ಹಬ್ಬಿದೆ. ಗ್ರಾನೈಟಲ್ಲೂ ಫೆಲ್ಡ್‌ಸ್ಪಾರ್ ಇದೆಯಲ್ಲ, ಮತ್ತೆ ಯಾಕೆ ಸವೆದಿಲ್ಲ? ಬಿರುಕು ಕಡಿಮೆ ಇರುವಲ್ಲಿ ನೀರು ಒಳಗೆ ಹೋಗಲು ದಾರಿಯಿಲ್ಲ. ಬಿರುಕು ಹೆಚ್ಚಿದ್ದ ಭಾಗ ಪುಡಿಯಾಗಿ ಹೋಯಿತು, ಇಡಿಯಾಗಿದ್ದ ಭಾಗ ಸಾವನದುರ್ಗವಾಗಿ ನಿಂತಿತು. 'ಶೋಲೆ'ಯ ಗಬ್ಬರ್ ಓಡಾಡಿದ ಬಂಡೆಗಳೂ ಇವೇ.

ಬಿರುಕು ಏನು ಮಾಡಬಲ್ಲದು ಅಂತ ನೋಡಬೇಕಾದರೆ ಬಂಡೀಪುರದಿಂದ ಊಟಿಗೆ ಹೋಗುವ ದಾರಿಯಲ್ಲಿ ಸಿಗುವ ಮೋಯಾರ್ ನದಿ ನೋಡಿ. ನೀಲಗಿರಿಯ ಉತ್ತರದ ಬುಡದಲ್ಲಿ ಅದರ ಕಣಿವೆ ಬಹಳ ದೂರ ನೇರವಾಗಿ ಪೂರ್ವಕ್ಕೆ ಹೋಗುತ್ತದೆ. ನದಿ ತಾನಾಗಿ ಹಾಗೆ ನೇರ ಹೋಗುವುದಿಲ್ಲ. ಭೂಮಿಯ ಒಳಗೆ ಕಲ್ಲುಗಳು ಒಂದಕ್ಕೊಂದು ಉಜ್ಜಿ ನುಜ್ಜಾದ ವಲಯ ಅಲ್ಲಿದೆ. ನೀರು ಆ ದುರ್ಬಲ ಜಾಗವನ್ನು ಹಿಡಿದುಕೊಂಡಿದೆ. ನೀಲಗಿರಿಯ ಚಾರ್ನೋಕೈಟ್ ಗಟ್ಟಿ ಕಲ್ಲೇ. ಆದರೆ ದೊಡ್ಡಬೆಟ್ಟದ 2,637 ಮೀಟರ್ ಎತ್ತರಕ್ಕೆ ಕಲ್ಲಿನ ಗಟ್ಟಿತನ ಒಂದೇ ಕಾರಣ ಅನ್ನಲಾಗದು, ಉತ್ತರಕ್ಕೂ ದಕ್ಷಿಣಕ್ಕೂ ಇಂಥ ನುಜ್ಜು ವಲಯಗಳಿವೆ. ಹಿಲ್‌ಶೇಡ್ ನೋಡಿ ಸುಲಭ ಉತ್ತರ ಕೊಡುವ ಆಸೆಯಾದಾಗಲೆಲ್ಲ ನಾನು ನೀಲಗಿರಿ ನೆನೆಸಿಕೊಳ್ಳುತ್ತೇನೆ.

ದಕ್ಷಿಣ ಕನ್ನಡದವರಿಗೆ ಪದವುಗಳು ಗೊತ್ತು. ಸಪಾಟಾದ, ಕೆಂಪು ಮುರಕಲ್ಲಿನ ಗುಡ್ಡಗಳು. ಮಳೆ-ಬಿಸಿಲಿಗೆ ಕಲ್ಲಿನ ಉಳಿದ ಅಂಶಗಳೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಗಟ್ಟಿಯಾದ ಮುಚ್ಚಳ ಅದು. ಬಜಪೆಯ ವಿಮಾನ ನಿಲ್ದಾಣದ ಟೇಬಲ್‌ಟಾಪ್ ರನ್‌ವೇ ಇರುವುದು ಇಂಥ ಗುಡ್ಡದ ನೆತ್ತಿಯ ಮೇಲೆ. ಡೆಮ್‌ನಲ್ಲಿ ಈ ನೆತ್ತಿಗಳನ್ನು ಗುರುತಿಸುವುದು ಸುಲಭ: ಅಂಚು ಕಡಿದು, ಮೇಲೆ ಚಪ್ಪಟೆ.

ಕಳೆಯುವ ಲೆಕ್ಕ

ಎರಡು ಕಾಲದ ಡೆಮ್ ಇದ್ದರೆ ಒಂದರಿಂದ ಒಂದು ಕಳೆಯಬಹುದು. ಹೊಸದರಿಂದ ಹಳೆಯದನ್ನು ಕಳೆದಾಗ ಸೊನ್ನೆ ಬಂದರೆ ನೆಲ ಹಾಗೇ ಇದೆ ಅಂತ. ನಾಲ್ಕೈದು ಮೀಟರ್ ವ್ಯತ್ಯಾಸ ಅಳತೆಯ ದೋಷ ಅಂತ ಬಿಡಬೇಕು.

ಸಂಡೂರಿನ ಮೇಲೆ ಇದನ್ನು ಮಾಡಿದೆ. ಅಲ್ಲೂ ಬೆಟ್ಟಸಾಲುಗಳನ್ನು ಎತ್ತಿ ಹಿಡಿದಿರುವುದು ಅದೇ ಕಬ್ಬಿಣದ ಪಟ್ಟೆಶಿಲೆ. ನಾರಿಹಳ್ಳ ಆ ಗೋಡೆಯನ್ನು ಅಡ್ಡಲಾಗಿ ಸೀಳಿಕೊಂಡು ಹೋಗುವ ಕಮರಿಗಳು ಹಿಲ್‌ಶೇಡ್‌ನಲ್ಲಿ ಚೂರಿ ಹಾಕಿದ ಗೀರಿನ ಹಾಗೆ ಕಾಣುತ್ತವೆ. ಎಸ್‌ಆರ್‌ಟಿಎಂ ಅಳೆದದ್ದು 2000ದಲ್ಲಿ, ಬಳ್ಳಾರಿಯ ಗಣಿಗಾರಿಕೆಯ ಅಬ್ಬರ ಶುರುವಾಗುವ ಮುಂಚೆ. ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು 2011ರಲ್ಲಿ. ಕೋಪರ್ನಿಕಸ್ ಡೇಟಾ ಬಹುಪಾಲು ಅದರ ನಂತರದ್ದು. ಅಂದರೆ ಆ ಇಡೀ ದಶಕ ಈ ಎರಡು ಶೀಟುಗಳ ನಡುವೆ ಸಿಕ್ಕಿಬಿದ್ದಿದೆ.

ಕಳೆದಾಗ ಬೆಟ್ಟದ ನೆತ್ತಿಯ ಮೇಲೆ ಹತ್ತಾರು ಮೀಟರ್ ಆಳದ ಕೆಂಪು ಕಲೆಗಳು, ಪಕ್ಕದಲ್ಲೇ ಮಣ್ಣು ಸುರಿದ ನೀಲಿ ಗುಪ್ಪೆಗಳು. ಕಬ್ಬಿಣ ಇದ್ದದ್ದರಿಂದಲೇ ಆ ಬೆಟ್ಟ ಕೋಟ್ಯಂತರ ವರ್ಷಗಳ ಮಳೆಗೆ ಜಗ್ಗದೆ ನಿಂತಿತ್ತು. ಕಬ್ಬಿಣ ಇದ್ದದ್ದರಿಂದಲೇ ನಾವು ಹತ್ತು ವರ್ಷದಲ್ಲಿ ಅದನ್ನು ಅಗೆದೆವು. ಪ್ರೋಗ್ರಾಮಲ್ಲಿ ಅದು ಒಂದೇ ಒಂದು ಸಾಲಿನ ಕೋಡ್, ಒಂದು ಮೈನಸ್ ಚಿಹ್ನೆ. ರನ್ ಮಾಡಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಗೆಳೆಯನ ಎರಡು ಚೌಕ

ಈಗ ಆ 20 ಗುಂಟೆಗೆ ಬರೋಣ. 30 ಮೀಟರ್ ಡೆಮ್‌ನಲ್ಲಿ 20 ಗುಂಟೆ ಅಂದರೆ ಎರಡು ಚೌಕ ಚಿಲ್ಲರೆ. ಎರಡು ಸಂಖ್ಯೆ ನೋಡಿ ಯಾರ ಜಾಗದ ಬಗ್ಗೆಯೂ ತೀರ್ಪು ಕೊಡಲಾಗದು. ಆದರೆ ಆ ಜಾಗದ ಮೇಲಿನ ಗುಡ್ಡ ಎಷ್ಟೋ ಚೌಕಗಳಷ್ಟಿದೆ, ಅದರ ಬಗ್ಗೆ ಕೇಳಬಹುದು.

ಮಳೆನೀರು ಪ್ರತಿ ಚೌಕದಿಂದ ಸುತ್ತಲಿನ ಎಂಟರಲ್ಲಿ ಅತ್ಯಂತ ತಗ್ಗಿನ ಚೌಕಕ್ಕೆ ಹೋಗುತ್ತದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, ಯಾವ ಜಾಗಕ್ಕೆ ಎಷ್ಟು ಚೌಕದ ನೀರು ಬಂದು ಸೇರುತ್ತದೆ ಅಂತ ಗೊತ್ತಾಗುತ್ತದೆ. ಅವನ ಜಾಗಕ್ಕೆ ಸುಮಾರು 140 ಚೌಕ. ಹೆಚ್ಚುಕಡಿಮೆ 31 ಎಕರೆ. ಅಷ್ಟರ ಮೇಲೆ ಒಂದು ದಿನ 100 ಮಿ.ಮೀ ಮಳೆ ಬಿದ್ದರೆ 1 ಕೋಟಿ 26 ಲಕ್ಷ ಲೀಟರ್; ಬೆಂಗಳೂರಿನ 12,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಟ್ಯಾಂಕರ್. ಅಷ್ಟೂ ಹರಿದು ಬರುವುದಿಲ್ಲ, ಬಹಳಷ್ಟು ಮಣ್ಣಿಗೆ ಇಂಗುತ್ತದೆ. ಭಯ ಇರುವುದು ಆ ಇಂಗಿದ ನೀರಿಂದಲೇ. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಿದಾಗ ಒಂದನ್ನೊಂದು ಹಿಡಿದುಕೊಂಡಿರುವ ಶಕ್ತಿ ಕಡಿಮೆಯಾಗುತ್ತದೆ. ಬುಡದಲ್ಲಿ ಧರೆ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆಯೂ ಇಲ್ಲ.

ಹೀಗಾದದ್ದನ್ನು ನಾವು ನೋಡಿದ್ದೇವೆ. 2018ರ ಆಗಸ್ಟಲ್ಲಿ ಕೊಡಗು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿಯ ತನಕ ಜಾರಿತು. ಎರಡೇ ವಾರಕ್ಕೆ, ಜುಲೈ 30ರ ನಸುಕಲ್ಲಿ, ವಯನಾಡು. ಅಲ್ಲಿ ಕುಸಿತ ಶುರುವಾದದ್ದು ಸುಮಾರು 1,550 ಮೀಟರ್ ಎತ್ತರದಲ್ಲಿ. ಕಲ್ಲು ಮಣ್ಣು ಹೊಳೆಯ ದಾರಿ ಹಿಡಿದು ಸುಮಾರು 8 ಕಿ.ಮೀ ಹೋಯಿತು ಅಂತ ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಮಲಗಿದ್ದವರ ಕಿಟಕಿಯಿಂದ ಆ ಜಾಗ ಕಾಣುತ್ತಲೂ ಇರಲಿಲ್ಲ.

ಗೆಳೆಯನಿಗೆ ಸ್ಕ್ರೀನ್ ತೋರಿಸಿದೆ. "ನಿನ್ನ ಲ್ಯಾಪ್‌ಟಾಪ್ ನೋಡಿ ಎರಡು ಲಕ್ಷ ಬಿಡ್ಲಾ?" ಅಂದ. ಅವನ ಮಾತಲ್ಲಿ ತಪ್ಪಿರಲಿಲ್ಲ. ಮಲೆನಾಡಿನ ಡೆಮ್ ಅಂದರೆ ಅರ್ಧಕ್ಕರ್ಧ ಮರದ ತಲೆಯ ಎತ್ತರ. ರೇಡಾರ್ ದಟ್ಟ ಕಾಡಿನ ಕೆಳಗಿನ ನೆಲವನ್ನು ಸರಿಯಾಗಿ ಮುಟ್ಟುವುದಿಲ್ಲ. ಮಣ್ಣು ಎಷ್ಟು ಆಳ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಹೋದ ವರ್ಷ ಜೆಸಿಬಿ ಕಡಿದ ಧರೆ ಅದರಲ್ಲಿಲ್ಲ. ಆ ಗುಡ್ಡ ಜಾರುತ್ತದೆ ಅಂತ ನಾನು ಹೇಳಲಾರೆ ಅಂತ ಅವನಿಗೂ ಹೇಳಿದೆ. ಮಳೆಗಾಲದಲ್ಲಿ ಒಂದು ಸಲ ಹೋಗಿ ನೋಡೋಣ ಅಂದೆ.

ಜುಲೈನಲ್ಲಿ ಹೋದೆವು. ಪಕ್ಕದ ತೋಟದ ರೈಟರು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರು, ಅರವತ್ತು ದಾಟಿದವರು. ಹೋಂಸ್ಟೇ ಅಂದ ತಕ್ಷಣ ನಕ್ಕರು. "ಇಲ್ಲಿ ಜಲ ಏಳ್ತದೆ ಸಾರ್. ನಮ್ಮ ಲೈನ್ ಮನೆ ಎಲ್ಲ ಆ ಏಣಿನ ಮೇಲೆ ಯಾಕೆ ಕಟ್ಟಿದಾರೆ ಅಂದ್ಕೊಂಡ್ರಿ?" ಅಂದರು. ಅವರು ಕೈ ತೋರಿಸಿದ ಕಡೆ ನೋಡಿದೆ. ಕಾರ್ಮಿಕರ ಮನೆಗಳ ಸಾಲು ನನ್ನ ನಕ್ಷೆಯಲ್ಲಿ ನೀರಿನ ಗೆರೆ ಒಂದೂ ಇಲ್ಲದ ಏಣಿನ ಮೇಲಿತ್ತು. ನಾವು ನಿಂತಿದ್ದ ಜಾಗದಲ್ಲಿ ಶೂ ಒಳಗೆ ನೀರು ಬಂದಿತ್ತು.

ಗೆಳೆಯ ಅಡ್ವಾನ್ಸ್ ಬಿಟ್ಟ. ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನೀವೂ ನೋಡಿ

ಇದಕ್ಕೆ ಬೇಕಾದದ್ದೆಲ್ಲ ಉಚಿತ. ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಸಾಧಾರಣ ಲ್ಯಾಪ್‌ಟಾಪಲ್ಲೂ ಓಡುತ್ತದೆ. ಡೆಮ್‌ಗೆ ಭುವನ್ ಅಥವಾ ಓಪನ್‌ಟೊಪೊಗ್ರಫಿ. ಕಲ್ಲಿನ ನಕ್ಷೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ಪೋರ್ಟಲ್. ಎಲ್ಲಿ ಭೂಕುಸಿತದ ಸಾಧ್ಯತೆ ಹೆಚ್ಚು ಎಂಬ ನಕ್ಷೆಗಳೂ ಅಲ್ಲೇ ಇವೆ. ಮೊದಲು ನಿಮ್ಮ ಊರಿನ ಡೆಮ್ ತೆಗೆಯಿರಿ, ಹಿಲ್‌ಶೇಡ್ ಮಾಡಿ, ಸೂರ್ಯನನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಆಮೇಲೆ ಇಳಿಜಾರು, ಆಮೇಲೆ ನೀರಿನ ಗೆರೆ. ಕೊನೆಗೆ ಕಲ್ಲಿನ ನಕ್ಷೆ ಹಾಸಿ. ಒಂದು ಭಾನುವಾರ ಸಾಕು.

ಮಲೆನಾಡಲ್ಲಿ ಜಾಗ ನೋಡುತ್ತಿದ್ದರೆ ಮೂರು ಕೆಲಸ ಹೆಚ್ಚಿಗೆ ಮಾಡಿ. ನಿಮ್ಮ ಜಾಗದ ಮೇಲ್ಭಾಗ ನೋಡಿ. ವ್ಯೂ ಇರುವುದು ಕೆಳಗೆ, ಅಪಾಯ ಬರುವುದು ಮೇಲಿಂದ. ಮಳೆಗಾಲದಲ್ಲಿ ಹೋಗಿ, ಬ್ರೋಕರ್ ಜನವರಿಯಲ್ಲೇ ಕರೆದುಕೊಂಡು ಹೋಗುತ್ತಾನೆ. ಹಳೆಯ ಮನೆಗಳು ಎಲ್ಲಿವೆ ಅಂತ ನೋಡಿ, ಎಲ್ಲಿಲ್ಲ ಅಂತಲೂ ನೋಡಿ. ಇಷ್ಟಾದ ಮೇಲೂ ಕಟ್ಟುವುದಾದರೆ ಭೂತಂತ್ರಜ್ಞಾನದ ಇಂಜಿನಿಯರ್ ಒಬ್ಬರಿಂದ ಮಣ್ಣು ಪರೀಕ್ಷೆ ಮಾಡಿಸಿ. ನನ್ನಂಥ ಸಾಫ್ಟ್‌ವೇರಿನವನ ಮಾತು ಅದಕ್ಕೆ ಬದಲಿಯಲ್ಲ.

ಆ 20 ಗುಂಟೆಯನ್ನು ಆಮೇಲೆ ಬೇರೆ ಯಾರೋ ಕೊಂಡರು. ಹಿಂದಿನ ಗುಡ್ಡವನ್ನು ನೆಟ್ಟಗೆ ಕಡಿದು, ಎರಡು ಮಹಡಿ ಎಬ್ಬಿಸಿದ್ದಾರೆ. ಬುಕಿಂಗ್ ಆ್ಯಪಲ್ಲಿ ಫೋಟೊ ಇದೆ, ನಾಲ್ಕೂವರೆ ಸ್ಟಾರ್ ಇದೆ. "ವ್ಯೂ ಸೂಪರ್" ಅಂತ ಜನ ಬರೆದಿದ್ದಾರೆ. ಈವರೆಗೆ ಏನೂ ಆಗಿಲ್ಲ, ಮುಂದೆಯೂ ಆಗದಿರಲಿ. ಜುಲೈನಲ್ಲಿ ಚಿಕ್ಕಮಗಳೂರಿಗೆ ರೆಡ್ ಅಲರ್ಟ್ ಅಂತ ಫೋನಿಗೆ ಮೆಸೇಜ್ ಬಂದ ದಿನ ಮಾತ್ರ ಗೆಳೆಯನೂ ನಾನೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತೇವೆ. ಆ ಜಾಗದ ಹೆಸರು ಇಬ್ಬರೂ ಎತ್ತುವುದಿಲ್ಲ.